ಮಣ್ಣಿನ ಇಟ್ಟಿಗೆ ಮನೆ: ಮೂರು ಬೇಸಿಗೆ ಕಳೆದ ಮೇಲೆ ಬರೆದ ರಿವ್ಯೂ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ಗೋಡೆ ಮುಟ್ಟುತ್ತಾರೆ. ಮುಟ್ಟಿ, "ಅಬ್ಬಾ, ಎಷ್ಟು ತಣ್ಣಗಿದೆ! ಮಣ್ಣು ಅಂದ್ರೆ ಮಣ್ಣೇ ಬಿಡಿ" ಅನ್ನುತ್ತಾರೆ. ಡಿಸೆಂಬರಿನಲ್ಲಿ ಬಂದವರೂ ಇದೇ ಮಾತು ಹೇಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಗ್ರಾನೈಟ್ ಕಟ್ಟೆ ಮುಟ್ಟಿದರೂ ಹೀಗೇ ತಣ್ಣಗಿರುತ್ತದೆ, ಗೋಡೆ ನಿಮ್ಮ ಕೈಯ ಬಿಸಿ ಎಳೆದುಕೊಳ್ಳುತ್ತೆ ಅಷ್ಟೇ ಅಂತ ಹೇಳಬೇಕು ಅನ್ನಿಸುತ್ತದೆ. ಮನೆಗೆ ಬಂದವರಿಗೂ ಪಾಠ ಯಾಕೆ ಅಂತ ಸುಮ್ನೆ ಕಾಫಿ ಕೊಡುತ್ತೇನೆ.

ಆದರೆ ಇತ್ತೀಚೆಗೆ ಮನೆ ಕಟ್ಟಿಸುವವರು ತುಂಬಾ ಜನ ಫೋನ್ ಮಾಡಿ ಕೇಳುತ್ತಿದ್ದಾರೆ. "ಮಣ್ಣಿನ ಇಟ್ಟಿಗೆ ಹಾಕಿಸಿದ್ರೆ ಫ್ಯಾನೇ ಬೇಡವಂತೆ, ಹೌದಾ ಮೇಡಂ?" ಅಂತ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮನೆ ತುಮಕೂರಿನ ಹೊರಗೆ ಒಂದು ಹೊಸ ಲೇಔಟಿನಲ್ಲಿದೆ. 30×40 ಸೈಟು, ಪೂರ್ವಕ್ಕೆ ರಸ್ತೆ. ಕೆಳಗೆ ಹಾಲ್, ಅಡುಗೆಮನೆ, ಅತ್ತೆಯವರ ರೂಮು. ಮೇಲೆ ನಮ್ಮ ರೂಮು, ಮಗಳ ಓದುವ ಕೋಣೆ, ಉಳಿದದ್ದು ತಾರಸಿ. 2021ರ ಯುಗಾದಿ ಮುಗಿಸಿ ಗುದ್ದಲಿ ಪೂಜೆ ಮಾಡಿದೆವು. ಎರಡು ವಾರಕ್ಕೆ ಲಾಕ್‌ಡೌನ್ ಆಯಿತು. ಗೃಹಪ್ರವೇಶ ಆದದ್ದು 2022ರ ಮಾರ್ಚಿನಲ್ಲಿ. ನೇರವಾಗಿ ಬೇಸಿಗೆಗೇ ಕಾಲಿಟ್ಟೆವು.

ಮಣ್ಣಿನ ಇಟ್ಟಿಗೆಯ ಹುಚ್ಚು ನನಗೆ ಹತ್ತಿದ್ದು ತವರಿನಿಂದ. ಕುಣಿಗಲ್ ಕಡೆಯವಳು ನಾನು. ಹಳ್ಳಿಗೆ ಉಪಯೋಗವಾಗುವ ವಿಜ್ಞಾನ ಮಾಡೋಣ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರುವಾಯಿತು. ಅವರು ಪ್ರಯೋಗಕ್ಕೆ ಆರಿಸಿಕೊಂಡ ಊರು ನಮ್ಮ ತಾಲ್ಲೂಕಿನ ಉಂಗ್ರ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಅಸ್ತ್ರ ಒಲೆ ನೆನಪಿರಬೇಕು. ಕಡಿಮೆ ಸೌದೆ, ಹೊಗೆಯೆಲ್ಲ ಕೊಳವೆಯಲ್ಲಿ ಮೇಲಕ್ಕೆ. ನಮ್ಮಮ್ಮ ಗ್ಯಾಸ್ ಬಂದ ಮೇಲೂ ಬಹಳ ವರ್ಷ ಅದರಲ್ಲೇ ಮುದ್ದೆ ಬೇಯಿಸಿದರು. ಅದೇ ಕೇಂದ್ರದಲ್ಲಿ ಜಗದೀಶ್, ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ಒಲೆ ಅಷ್ಟು ಚೆನ್ನಾಗಿತ್ತಲ್ಲ, ಇಟ್ಟಿಗೆಯೂ ಚೆನ್ನಾಗೇ ಇರಬೇಕು ಅನ್ನುವುದು ನನ್ನ ಲಾಜಿಕ್ಕು. ವಿಜ್ಞಾನದ ಟೀಚರ್ ಹೀಗೆ ಯೋಚಿಸಬಾರದು. ಗೊತ್ತು.

ಇಟ್ಟಿಗೆ ಸೈಟಿನಲ್ಲೇ ಮಾಡಿಸಿದೆವು. ಮೊದಲು ಮಣ್ಣು ನೋಡಬೇಕು. ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಎಲ್ಲ ಇರುತ್ತದೆ, ಅದು ಬೇಡ. ಅದರ ಕೆಳಗಿನ ಕೆಂಪು ಮಣ್ಣನ್ನು ಗಾಜಿನ ಬಾಟಲಿಗೆ ಅರ್ಧ ಹಾಕಿ, ನೀರು ತುಂಬಿಸಿ, ಕುಲುಕಿ ಇಟ್ಟೆ. ಮರಳು ಕ್ಷಣದಲ್ಲಿ ತಳಕ್ಕೆ ಇಳಿಯುತ್ತದೆ, ಜೇಡಿ ಕೊನೆಗೆ. ಮಾರನೇ ದಿನ ಪದರ ಪದರವಾಗಿ ಕಾಣುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ ಮರಳು, ನೂರಕ್ಕೆ 10ರಿಂದ 15ರಷ್ಟು ಜೇಡಿ ಇದ್ದರೆ ಒಳ್ಳೆಯದು. ನಮ್ಮದರಲ್ಲಿ ಜೇಡಿ ಜಾಸ್ತಿ ಇತ್ತು. ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಬೆರೆಸಿ ಸರಿಮಾಡಿದರು. ಎರೆಭೂಮಿಯವರು ಫೋನ್ ಮಾಡಿದರೆ ನಾನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಣ್ಣು ಒದ್ದೆಯಾದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ, ಈ ಕೆಲಸಕ್ಕೆ ಬೇಡ ಅಂತ.

ಕೈಯಲ್ಲಿ ಎಳೆಯುವ ಪ್ರೆಸ್ ಬಾಡಿಗೆಗೆ ಬಂತು. ಉದ್ದನೆ ಹಿಡಿಕೆ, ಒಬ್ಬರು ತೂಗಿಹಾಕಿಕೊಂಡ ಹಾಗೆ ಎಳೆಯಬೇಕು. ಇಟ್ಟಿಗೆಯ ಅಳತೆ 230×190×100 ಮಿಲಿಮೀಟರ್, ಒಂದೊಂದೂ 8 ಕೆಜಿ ಹತ್ತಿರ ತೂಗುತ್ತದೆ. ಸಿಮೆಂಟು ನೂರಕ್ಕೆ ಏಳು ಪಾಲು. ಒಂದು ಮೂಟೆಗೆ 90 ಇಟ್ಟಿಗೆ ಸಿಕ್ಕವು. ಆರು ಜನ ಮೊದಲ ದಿನ ಮಾಡಿದ್ದು 140. ಕೈ ಕುದುರಿದ ಮೇಲೆ 350ರ ಸುತ್ತ ಬಂತು. ಒಟ್ಟು 7,500 ಇಟ್ಟಿಗೆಗೆ 24 ದಿನ ಹಿಡಿಯಿತು. ಆಮೇಲೆ ಗೋಣಿಚೀಲ ಹೊದಿಸಿ ಮೂರು ವಾರ ನೀರು ಹಾಕಬೇಕು. ಈ ಕೆಲಸ ಅತ್ತೆಯವರು ವಹಿಸಿಕೊಂಡರು. ಬೆಳಿಗ್ಗೆ ಆಟೋದಲ್ಲಿ ಸೈಟಿಗೆ ಹೋಗಿ, ಪೈಪ್ ಹಿಡಿದು, ಇಟ್ಟಿಗೆಗೆ ನೀರು ಬಿಡುತ್ತಾ ಅಕ್ಕಪಕ್ಕದವರ ಪರಿಚಯ ಎಲ್ಲ ಮಾಡಿಕೊಂಡರು. ಗೃಹಪ್ರವೇಶಕ್ಕೆ ಅರ್ಧ ಲೇಔಟು ಬಂದದ್ದು ಅವರಿಂದಲೇ.

ಸಿಮೆಂಟು, ಎಂ ಸ್ಯಾಂಡ್, ಕೂಲಿ, ಪ್ರೆಸ್ ಬಾಡಿಗೆ, ಸಾಲದ್ದಕ್ಕೆ ತರಿಸಿದ ಆರು ಟ್ರ್ಯಾಕ್ಟರ್ ಮಣ್ಣು ಎಲ್ಲ ಸೇರಿ ಇಟ್ಟಿಗೆಗೆ 26 ರೂಪಾಯಿ ಬಿತ್ತು. ಹೊರಗೋಡೆಗೆ ಪ್ಲಾಸ್ಟರ್ ಇಲ್ಲ, ಪೇಂಟ್ ಇಲ್ಲ, ಬರೀ ಪಾಯಿಂಟಿಂಗ್, ಅಂದರೆ ಇಟ್ಟಿಗೆ ಸಂದಿಗೆ ಮಾತ್ರ ಗಾರೆ ತುಂಬಿ ನಯ ಮಾಡುವುದು. ಅದು ಉಳಿಯಿತು. ಆದರೆ ಕಟ್ಟುವ ಕೂಲಿಯಲ್ಲಿ ಉಳಿದದ್ದೆಲ್ಲ ಹೋಯಿತು. ಮಣ್ಣಿನ ಮನೆ ಅಗ್ಗ ಅನ್ನುವ ಲೆಕ್ಕದಲ್ಲಿ ಇದ್ದರೆ ಆ ಆಸೆ ಬಿಡಿ. ನಮ್ಮಣ್ಣ ಕಟ್ಟಿಸಿದ ಮಾಮೂಲಿ ಸಿಮೆಂಟ್ ಬ್ಲಾಕಿನ ಮನೆಗೂ ನಮ್ಮದಕ್ಕೂ ಚದರಡಿ ಲೆಕ್ಕದಲ್ಲಿ ಏನೂ ವ್ಯತ್ಯಾಸ ಬರಲಿಲ್ಲ.

ಈಗ ಡಿಸೈನ್ ಮಾಡಿದವರ ವಿಷಯ. ಬೆಂಗಳೂರಿನ ಒಂದು ಸಣ್ಣ ಆಫೀಸು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ನಕ್ಷೆಯ ಕೆಲಸ ಮಾತ್ರ ಬೊಂಬಾಟ್. ಮೊದಲ ಮೀಟಿಂಗಿನಲ್ಲಿ ಇಟ್ಟಿಗೆ ಮಾತೇ ಎತ್ತಲಿಲ್ಲ, ಬಿಸಿಲಿನ ಬಗ್ಗೆ ಮಾತಾಡಿದರು. ನಮ್ಮ ಕಡೆ ಏಪ್ರಿಲ್ ಕೊನೆ ವಾರದಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ. ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಅಂದರೆ ಬೇಸಿಗೆಯಲ್ಲಿ ಹೆಚ್ಚು ಕಾಯುವುದು ತಾರಸಿ. ಅದಾದ ಮೇಲೆ ಸಂಜೆ ಬಿಸಿಲು ತಿನ್ನುವ ಪಶ್ಚಿಮದ ಗೋಡೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಮನೆಗೆ ಇದನ್ನು ಹೊಂದಿಸಿ ಯೋಚಿಸಿರಲಿಲ್ಲ.

ಪೂರ್ವಕ್ಕೆ ರಸ್ತೆ ಇದ್ದದ್ದು ಅನುಕೂಲವಾಯಿತು. ಉದ್ದನೆ ಗೋಡೆಗಳು ಉತ್ತರ ದಕ್ಷಿಣಕ್ಕೆ ಬಂದವು, ಗಿಡ್ಡವು ಪೂರ್ವ ಪಶ್ಚಿಮಕ್ಕೆ. ಕೆಳಗೆ ಪಶ್ಚಿಮದ ಕಡೆ ಮೆಟ್ಟಿಲು, ಬಚ್ಚಲು ಇಟ್ಟರು. ಬಿಸಿಲು ಅವು ತಿನ್ನಲಿ ಅಂತ. ಉತ್ತರ ದಕ್ಷಿಣದ ಕಿಟಕಿಗಳಿಗೆಲ್ಲ ಎರಡಡಿ ಸಜ್ಜ. ಎದುರು ಬದುರು ಕಿಟಕಿ, ಸೂರಿನ ಹತ್ತಿರ ಹಳೇ ಮನೆಯ ಗವಾಕ್ಷಿ ಥರ ಕಿಂಡಿ. ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತೆ ಅಂತ ಮನೆಗಳ ಇಂಧನ ಉಳಿತಾಯಕ್ಕೆ ಒಂದು ನಿಯಮಾವಳಿ ತಂದಿದೆ. ಆಗ ಅದು ಇದ್ದದ್ದು 500 ಚದರ ಮೀಟರಿನಿಂದ ಮೇಲಿನ ನಿವೇಶನಗಳಿಗೆ, ನಮ್ಮಂಥ ಪುಟ್ಟ ಸೈಟಿಗಲ್ಲ. ಆದರೂ ಅದರ ಲೆಕ್ಕ ಹಿಡಿದೇ ಮಾಡಿದರು. ತೆರೆಯುವ ಕಿಟಕಿ, ಬಾಗಿಲು ಎಲ್ಲ ಸೇರಿ ನೆಲದ ಎಂಟನೇ ಒಂದು ಭಾಗಕ್ಕೆ ಕಡಿಮೆ ಆಗಬಾರದು ಅಂತ.

ಗಲಾಟೆ ಆದದ್ದು ವಾಸ್ತುವಿನಲ್ಲಿ. ಯಜಮಾನರ ರೂಮು ನೈಋತ್ಯದಲ್ಲೇ ಬರಬೇಕು ಅಂತ ಅತ್ತೆ ಪಟ್ಟು ಹಿಡಿದರು. ಸಂಜೆ ಬಿಸಿಲು ಅತಿ ಜಾಸ್ತಿ ಬೀಳುವ ಮೂಲೆ ಅದೇ. ಡಿಸೈನಿನವರು ಬೇಡ ಅಂದರು. ನಾನು ಇಬ್ಬರ ಮಧ್ಯೆ ಸಿಕ್ಕಿಕೊಂಡೆ. ಕೊನೆಗೆ ರೂಮು ನೈಋತ್ಯದಲ್ಲೇ ಬಂತು, ಮಹಡಿ ಮೇಲೆ. ಪಶ್ಚಿಮದ ಗೋಡೆಗೆ ಪೂರ್ತಿ ವಾರ್ಡ್‌ರೋಬ್ ಕೊಟ್ಟು ಬಿಸಿಗೆ ಅಡ್ಡ ಇಟ್ಟರು. ಒಂದು ಸಣ್ಣ ಕಿಟಕಿ ಮಾತ್ರ ಉಳಿಯಿತು. ಆ ಕಿಟಕಿ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ನಕ್ಷೆಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸೈಟಿಗೆ ಬಂದು ನೋಡಿಕೊಳ್ಳುವ ಕೆಲಸಕ್ಕೆ ಒಂದೂವರೆ. ವಾರಕ್ಕೊಮ್ಮೆ ಬರುತ್ತೇವೆ ಅಂದವರು ಒಟ್ಟು ಏಳು ಸಲ ಬಂದರು. ಮೇಸ್ತ್ರಿಗೆ ಮಣ್ಣಿನ ಇಟ್ಟಿಗೆ ಹೊಸದು. "ಮಣ್ಣಿನ ಗೋಡೆ ಕಟ್ಟೋಕೆ ನಮ್ಮ ತಾತ ಸಾಕಾಗಿತ್ತು, ನಾನ್ಯಾಕೆ ಮೇಡಂ?" ಅಂತ ಮೊದಲ ದಿನವೇ ನಕ್ಕಿದ್ದರು. ಸಿಮೆಂಟ್, ಮಣ್ಣು, ಮರಳು ಸೇರಿಸಿದ ಗಾರೆಯನ್ನು ತೆಳ್ಳಗೆ ಹಾಕಬೇಕು ಅಂತ ನಕ್ಷೆಯಲ್ಲಿ ಬರೆದಿತ್ತು. ಅವರು ಅಭ್ಯಾಸಬಲದಲ್ಲಿ ಗಟ್ಟಿ ಸಿಮೆಂಟ್ ಗಾರೆಯನ್ನು ಹೆಬ್ಬೆರಳು ದಪ್ಪ ಬಳಿದರು. ಉತ್ತರದ ಗೋಡೆಯಲ್ಲಿ ಮೊದಲ ಆರು ವರಸೆ ಇವತ್ತಿಗೂ ವಕ್ರ ಕಾಣುತ್ತವೆ. ತೂಗುಗುಂಡು ಇಳಿಬಿಟ್ಟು ತೋರಿಸಿದ್ದು ನಾನೇ. ಅದಾದ ಮೇಲೆ ಮೇಸ್ತ್ರಿ ಸರಿಯಾದರು, ಕೊನೆಕೊನೆಗೆ ಅವರಿಗೇ ಗೋಡೆ ಮೇಲೆ ಪ್ರೀತಿ ಬಂತು.

ಎಲೆಕ್ಟ್ರಿಷಿಯನ್ ಕತೆ ಅದಕ್ಕಿಂತ ಜೋರು. ಇಂಥ ಗೋಡೆಯಲ್ಲಿ ಪೈಪು, ಸ್ವಿಚ್ ಬೋರ್ಡು ಎಲ್ಲಿ ಬರಬೇಕು ಅಂತ ಕಟ್ಟುವ ಮೊದಲೇ ತೀರ್ಮಾನ ಆಗಬೇಕು. ಕಟ್ಟಿದ ಮೇಲೆ ಕಟರ್ ಇಟ್ಟರೆ ಮುಚ್ಚಲು ಪ್ಲಾಸ್ಟರ್ ಇರುವುದಿಲ್ಲವಲ್ಲ. ವೈರಿಂಗ್ ನಕ್ಷೆ ಬಂದದ್ದು ಗೋಡೆ ಲಿಂಟಲ್ ಮಟ್ಟ, ಅಂದರೆ ಬಾಗಿಲು ಕಿಟಕಿಗಳ ಮೇಲಿನ ತೊಲೆಯ ಎತ್ತರ, ದಾಟಿದ ಮೇಲೆ. ಹಾಲಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಗಾಯ ಇದೆ. ಅದರ ಮುಂದೆ ಮನಿಪ್ಲಾಂಟ್ ಇಟ್ಟಿದ್ದೇವೆ.

ಈಗ ಬಿಸಿಯ ವಿಷಯ. ಸ್ಕೂಲಿನ ಲ್ಯಾಬಿನಲ್ಲಿ ಇರುವಂಥದ್ದೇ ಎರಡು ಥರ್ಮಾಮೀಟರ್ ಕೊಂಡುತಂದೆ. ಒಂದು ಹೊರಗೆ ನೆರಳಿನಲ್ಲಿ, ಇನ್ನೊಂದು ಒಳಗೆ. 2022ರ ಏಪ್ರಿಲಿನಲ್ಲಿ ಹೊರಗೆ 36 ಡಿಗ್ರಿ ಇದ್ದ ಮಧ್ಯಾಹ್ನ ಕೆಳಗಿನ ಹಾಲಿನಲ್ಲಿ 31. ಕುಣಿದಾಡಿದೆ. ರಾತ್ರಿ ಮಲಗಲು ಮೇಲೆ ಹೋದರೆ ಕತೆ ಬೇರೆ. ಹತ್ತು ಗಂಟೆಗೆ ಹೊರಗೆ 27 ಇದೆ, ನಮ್ಮ ರೂಮಿನಲ್ಲಿ 33! ಮಂಚದ ಮೇಲೆ ಅಂಗಾತ ಮಲಗಿದರೆ ಸೂರಿನಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಫ್ಯಾನ್ ಬೇಡ ಅಂದಿದ್ದವರಿಗೆ ಅವತ್ತು ರಾತ್ರಿಯೇ ಫೋನ್ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಮಾರನೇ ದಿನ ಫ್ಯಾನ್ ತಂದೆವು.

ಸೂರು ಫಿಲ್ಲರ್ ಸ್ಲ್ಯಾಬಿನದು. ಸ್ಲ್ಯಾಬಿನಲ್ಲಿ ಒತ್ತಡ ತಡೆಯುವುದು ಮೇಲ್ಭಾಗದ ಕಾಂಕ್ರೀಟು, ಕೆಳಗೆ ಎಳೆತ ತಡೆಯುವುದು ಕಬ್ಬಿಣ. ಕೆಳಗಿನ ಕಾಂಕ್ರೀಟಿಗೆ ಕಬ್ಬಿಣವನ್ನು ಹಿಡಿದುಕೊಂಡಿರುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಕಬ್ಬಿಣದ ಚೌಕಗಳ ನಡುವೆ ಹಳೇ ಮಂಗಳೂರು ಹೆಂಚು ಜೋಡಿಸಿ ಮೋಲ್ಡ್ ಹಾಕುತ್ತಾರೆ. ಸಿಮೆಂಟು ಉಳಿಯುತ್ತದೆ, ಕೆಳಗಿನಿಂದ ನೋಡಲು ಬಲು ಚೆಂದ. ಎರಡೆರಡು ಹೆಂಚು ಕವುಚಿದರೆ ಮಧ್ಯೆ ಗಾಳಿ ನಿಂತು ಬಿಸಿಯೂ ಒಂದಿಷ್ಟು ತಡೆಯುತ್ತದೆ. ಆದರೆ ಹೆಂಚಿನ ಸುತ್ತ ಕಾಂಕ್ರೀಟು ಇದ್ದೇ ಇದೆಯಲ್ಲ, ಬಿಸಿ ಅಲ್ಲಿಂದ ಇಳಿಯುತ್ತದೆ. ಇದನ್ನೇ ನಂಬಿಕೊಂಡು ತಾರಸಿಯ ಮೇಲೆ ಬೇರೇನೂ ಮಾಡದೆ ಬಿಟ್ಟದ್ದು ತಪ್ಪು.

2023ರ ಫೆಬ್ರವರಿಯಲ್ಲಿ ತಾರಸಿಗೆ ಸುಣ್ಣ ಬಳಿಸಿದೆ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿ ಮೂರು ಸಲ. ಒಂದು ಭಾನುವಾರದ ಕೆಲಸ, ಖರ್ಚು ಎರಡು ಸಾವಿರದೊಳಗೆ. ಆ ಬೇಸಿಗೆ ರಾತ್ರಿ ಹತ್ತಕ್ಕೆ ಮೇಲಿನ ರೂಮು 31ಕ್ಕೆ ಇಳಿಯಿತು. ಎರಡು ಡಿಗ್ರಿ! ಎರಡು ಸಾವಿರಕ್ಕೆ! ಲಕ್ಷಗಟ್ಟಲೆ ಸುರಿದ ಇಟ್ಟಿಗೆಯಿಂದ ಎಷ್ಟು ಸಿಕ್ಕಿತು ಅನ್ನುವ ಪ್ರಶ್ನೆ ಆಗ ತಲೆಗೆ ಬಂತು.

ನಮ್ಮ ಬೀದಿಯಲ್ಲೇ ನನ್ನ ಜೊತೆ ಕೆಲಸ ಮಾಡುವ ಟೀಚರ್ ಒಬ್ಬರ ಮನೆ ಇದೆ. ಸಿಮೆಂಟ್ ಬ್ಲಾಕು, ಎರಡೂ ಕಡೆ ಪ್ಲಾಸ್ಟರ್, ಮೇಲೆ ಇನ್ನೊಂದು ಮಹಡಿ, ಪಶ್ಚಿಮಕ್ಕೆ ಒಂದು ಹೊಂಗೆ ಮರ. ಒಂದು ಮಧ್ಯಾಹ್ನ ಥರ್ಮಾಮೀಟರ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ನನ್ನನ್ನು ಒಂಥರಾ ನೋಡಿದರು. ಕೆಳಗಿನ ಹಾಲಿನಲ್ಲಿ 31.5. ಅದೇ ಹೊತ್ತಿಗೆ ನಮ್ಮನೆಯಲ್ಲಿ 31. ಅರ್ಧ ಡಿಗ್ರಿ. ಎರಡು ಮನೆ ಅಳೆದು ಶಾಸ್ತ್ರ ಹೇಳಬಾರದು ನಿಜ. ಆದರೆ ಇದು ಪುಸ್ತಕದ ಲೆಕ್ಕಕ್ಕೂ ಕೂಡುತ್ತದೆ. ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಭಾರದ ವಸ್ತು. ಬಿಸಿಯನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಮಧ್ಯಾಹ್ನದ ಕಾವು ಒಳಗೆ ತಲುಪುವ ಹೊತ್ತಿಗೆ ರಾತ್ರಿ ಆಗಿರುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟು ಗಾಳಿ ಆಡಿಸಿದರೆ ಮಾತ್ರ ಲಾಭ. ಬಿಸಿ ತಡೆಯುವುದೊಂದೇ ಮುಖ್ಯ ಅಂದರೆ, ಒಳಗೆ ಗಾಳಿಯ ಗುಳ್ಳೆಗಳಿರುವ ಎಎಸಿ ಬ್ಲಾಕು ಇದಕ್ಕಿಂತ ಎಷ್ಟೋ ಮುಂದು.

ಹಾಗಾದರೆ ನಮ್ಮ ಕೆಳಗಿನ ಹಾಲ್ ತಂಪಾಗಿರುವುದು ಯಾಕೆ? ಸಜ್ಜ, ಎದುರು ಬದುರು ಕಿಟಕಿ, ಪಶ್ಚಿಮಕ್ಕೆ ಮೆಟ್ಟಿಲು, ತಲೆ ಮೇಲೆ ಇನ್ನೊಂದು ಮಹಡಿ. ಇವೆಲ್ಲ ಯಾವ ಇಟ್ಟಿಗೆಯಲ್ಲಿ ಕಟ್ಟಿದರೂ ಸಿಗುತ್ತವೆ. ಬಂದವರಿಗೆ ಇದನ್ನು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ.

ಇಟ್ಟಿಗೆಯ ನಿಜವಾದ ಲಾಭ ನಮ್ಮ ಕರೆಂಟ್ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ಇಟ್ಟಿಗೆ ಗೂಡಿನ ಕಡೆ ಇದೆ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಘನ ಮೀಟರ್ ಸುಟ್ಟ ಇಟ್ಟಿಗೆ ಮಾಡಲು 2,500 ಮೆಗಾಜೂಲ್ ದಾಟಿ ಇಂಧನ ಬೇಕು. ಮಣ್ಣಿನ ಇಟ್ಟಿಗೆಗೆ 600ರಿಂದ 800ರ ನಡುವೆ ಸಾಕು, ಅದೂ ಹೆಚ್ಚಾಗಿ ಸಿಮೆಂಟಿನದು. ಮೂರರಿಂದ ನಾಲ್ಕು ಪಟ್ಟು ಕಡಿಮೆ. ನಾವು ಮನೆಗೆ ಕಾಲಿಡುವ ಮೊದಲೇ ಅಷ್ಟು ಸೌದೆ, ಕಲ್ಲಿದ್ದಲು ಉರಿಯದೆ ಉಳಿಯಿತು. ನನಗೆ ಇದು ದೊಡ್ಡ ವಿಷಯ. ನಮ್ಮ ಯಜಮಾನರಿಗೆ ಅಷ್ಟೇನಲ್ಲ. "ಉಳಿದಿದ್ದು ಯಾರಿಗೆ?" ಅಂತ ಕೇಳುತ್ತಾರೆ.

ಕರೆಂಟಿನ ಉಳಿತಾಯ ಬಂದದ್ದು ಸಣ್ಣಪುಟ್ಟ ಸಾಮಾನಿನಿಂದ. 75 ವ್ಯಾಟಿನ ಫ್ಯಾನ್ ಬದಲು ಕರೆಂಟ್ ಕಡಿಮೆ ತಿನ್ನುವ ಮೋಟರಿನ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ನಾಲ್ಕು. ಸ್ನಾನಕ್ಕೆ ಸೋಲಾರ್. ಎಸಿ ಇಲ್ಲ. ತಿಂಗಳಿಗೆ 70 ಯೂನಿಟ್ ಆಸುಪಾಸು. ಗೃಹಜ್ಯೋತಿ ಬಂದ ಮೇಲೆ ಈ ಮಾತು ಯಾರಿಗೂ ರುಚಿಸುವುದಿಲ್ಲ ಬಿಡಿ. ತಾರಸಿ ಮೇಲೆ ಪ್ಯಾನೆಲ್ ಹಾಕಿಸಿ, 3 ಕಿಲೋವ್ಯಾಟಿಗೆ ಕೇಂದ್ರದಿಂದ 78,000 ಸಬ್ಸಿಡಿ ಇದೆ ಅಂತ ಒಬ್ಬರು ಬಂದಿದ್ದರು. 70 ಯೂನಿಟ್ ಉರಿಸುವ ಮನೆಗೆ ಯಾಕೆ ಅಂತ ವಾಪಸ್ ಕಳಿಸಿದೆ. ಪ್ಯಾನೆಲ್ಲಿನ ನೆರಳು ತಾರಸಿಗೆ ಒಳ್ಳೆಯದಾಗುತ್ತಿತ್ತು ಅಂತ ಆಮೇಲೆ ಹೊಳೆಯಿತು.

ತೊಂದರೆಗಳನ್ನೂ ಹೇಳಬೇಕು. ಮೊದಲ ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ನೀರು ಚಿಮ್ಮಿ ಹಿಂದಿನ ಗೋಡೆಯ ಕೆಳಗಿನ ಎರಡು ವರಸೆ ಉಜ್ಜಿದ ಹಾಗಾದವು. ಅಲ್ಲಿ ಸೈಜುಗಲ್ಲಿನ ಪಾಯ ಇನ್ನೊಂದು ಅಡಿ ಎತ್ತರ ಇರಬೇಕಿತ್ತು. ಈಗ ಜಲ್ಲಿ ಹಾಸಿದ್ದೇವೆ, ನೀರು ಚಿಮ್ಮುವುದು ನಿಂತಿದೆ. ಮೊಳೆ ಹೊಡೆದರೆ ಪುಡಿ ಉದುರುತ್ತದೆ. ಡ್ರಿಲ್ ಮಾಡಿ ಪ್ಲಗ್ ಹಾಕಲೇಬೇಕು. ಕ್ಯಾಲೆಂಡರ್ ಬದಲಾಯಿಸುವುದಕ್ಕೂ ಅತ್ತೆ ಈಗ ನನ್ನನ್ನು ಕರೆಯುತ್ತಾರೆ. ಸಾಲದ ಹೊತ್ತಿನಲ್ಲಿ ಬೆಲೆ ಕಟ್ಟಲು ಬಂದವರು ಕಾಗದದಲ್ಲಿ "ಮಣ್ಣಿನ ಗೋಡೆ" ಅಂತ ಬರೆದು ನಮ್ಮನ್ನು ಎರಡು ತಿಂಗಳು ಅಲೆಸಿದರು. ಈ ಇಟ್ಟಿಗೆಗೆ ಐಎಸ್ 1725 ಅಂತ ಭಾರತೀಯ ಮಾನಕವೇ ಇದೆ. ಅದರ ಪ್ರತಿ, ಜೊತೆಗೆ ಇಟ್ಟಿಗೆಯ ಟೆಸ್ಟ್ ರಿಪೋರ್ಟ್ ಕೊಟ್ಟ ಮೇಲೆ ಕೆಲಸ ಆಯಿತು. ನೀವು ಮೊದಲೇ ಇಟ್ಟುಕೊಂಡು ಹೋಗಿ. ರಾತ್ರಿ ಕಿಟಕಿ ತೆಗೆಯಬೇಕು ಅಂದೆನಲ್ಲ, ಹಾಗಾಗಿ ಸೊಳ್ಳೆ ಮೆಶ್ ಇಲ್ಲದೆ ಈ ಮನೆ ನಡೆಯುವುದಿಲ್ಲ. ಮೆಶ್ಶಿನ ಖರ್ಚು ನಮ್ಮ ಎಸ್ಟಿಮೇಟಿನಲ್ಲಿ ಇರಲೇ ಇಲ್ಲ.

ಮತ್ತೆ ಕಟ್ಟಿಸಿದರೆ ಇದೇ ಇಟ್ಟಿಗೆ ಹಾಕಿಸುತ್ತೀರಾ ಅಂತ ಕೇಳಿದರೆ, ಹೂಂ. ಸಂಜೆ ಬಿಸಿಲು ಬಿದ್ದಾಗ ಗೋಡೆಯ ಬಣ್ಣ ನೋಡುತ್ತಾ ಕೂರುವುದು ನನಗೆ ಇಷ್ಟ. ಆದರೆ ಕೈಯಲ್ಲಿ ದುಡ್ಡು ಕಡಿಮೆ ಇದ್ದು ತಂಪೇ ಮುಖ್ಯ ಅಂದರೆ, ಮೊದಲು ನಕ್ಷೆಗೆ ಕೊಡಿ, ಆಮೇಲೆ ತಾರಸಿಗೆ, ಆಮೇಲೆ ಸಜ್ಜಕ್ಕೆ, ಮೆಶ್ಶಿಗೆ. ಮಿಕ್ಕಿದ್ದರಲ್ಲಿ ಯಾವ ಇಟ್ಟಿಗೆ ಬರುತ್ತೋ ಅದು.

2024ರ ಏಪ್ರಿಲ್ ನಿಮಗೆಲ್ಲ ನೆನಪಿದೆ. ಬೆಂಗಳೂರಿನಲ್ಲೇ 38 ದಾಟಿತ್ತು. ಅಷ್ಟರಲ್ಲಿ ತಾರಸಿಗೆ ಮತ್ತೆ ಸುಣ್ಣ ಆಗಿತ್ತು, ಅರ್ಧ ತಾರಸಿಗೆ ಚಪ್ಪರ ಹಾಕಿ ಅವರೆ ಬಳ್ಳಿ ಹಬ್ಬಿಸಿದ್ದೆ. ಹೊರಗೆ 38 ಇದ್ದ ದಿನ ಕೆಳಗೆ 32, ಮೇಲಿನ ರೂಮು 33. ರಾತ್ರಿ ಫ್ಯಾನಿನಲ್ಲೇ ನಿದ್ದೆ ಬಂತು. ಸಂಜೆ ನಾಲ್ಕರಿಂದ ಆರು ಮಾತ್ರ ಆ ರೂಮಿಗೆ ಹೋಗುವ ಹಾಗಿಲ್ಲ, ಆಗಲೇ ಹೇಳಿದ ಪಶ್ಚಿಮದ ಕಿಟಕಿಯಿಂದಾಗಿ. ಇಳಿಬಿಸಿಲಿಗೆ ಸಜ್ಜ ಏನೂ ಮಾಡುವುದಿಲ್ಲ, ಅಡ್ಡಲಾಗಿ ನೇರ ಒಳಗೇ ಬರುತ್ತದೆ. ಒಳಗೆ ಪರದೆ ಹಾಕಿ ನೋಡಿದೆ. ಬಿಸಿ ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಏನು ಮಾಡೀತು? ಹೊರಗಿನಿಂದ ಮರದ ಪಟ್ಟಿಯ ಜಾಲರಿ ಹಾಕಿಸಬೇಕು. ಅಳತೆ ತೆಗೆದುಕೊಂಡು ಹೋದ ಆಚಾರ್ರು ಒಂದು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಅಡ್ವಾನ್ಸ್ ಬೇರೆ ಕೊಟ್ಟಿದ್ದೇನೆ.